ದೊಡ್ಡಸಿದ್ದಯ್ಯನವರ ‘ಯ್ಯ’ ಎಲ್ಲಿ ಹೋಯ್ತು?

ಬೆಳಿಗ್ಗೆ ಏಳೂಕಾಲಿಗೆ ಫೋನ್ ಬಂತು. ಮಂಡ್ಯ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿ ಸೆಕ್ರೆಟರಿ. ನಮ್ಮ ಕಂಪನಿಯ ಸಾಫ್ಟ್‌ವೇರ್ ಹಾಕಿದ ಮೇಲೆ ಅವರದು ಮೊದಲ ವಾರದ ಬಟವಾಡೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎಷ್ಟು, ದುಡ್ಡು ಎಷ್ಟು, ಎಲ್ಲ ಒಂದು ಚೀಟಿಯಲ್ಲಿ ಬರುತ್ತದೆ. ಆ ಚೀಟಿಯ ಕೋಡ್ ಬರೆದವನು ನಾನು.

“ಸಾರ್, ಹೆಸ್ರು ಅರ್ಧಂಬರ್ಧ ಬತ್ತಾ ಅದೆ. ಇಲ್ಲಿ ಗಲಾಟೆ ಆಗೋಯ್ತು.”

“ದುಡ್ಡಿನ ಲೆಕ್ಕ ಸರಿ ಇದೆ ಅಲ್ವಾ?” ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗ ಮಾತ್ರ, ಹೆಸರು ತಾನೇ, ಅದಕ್ಕೇನು ಇಷ್ಟು ಗಡಿಬಿಡಿ ಅನ್ನಿಸಿತ್ತು.

ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆಗೆದೆ. ತಪ್ಪು ಎಲ್ಲಿದೆ ಅಂತ ಗೊತ್ತಿತ್ತು. ಉದ್ದದ ಹೆಸರು ಬಂದರೆ ಪಕ್ಕದಲ್ಲಿದ್ದ ತಾರೀಕು ಕೆಳಗೆ ಜಾರುತ್ತಿತ್ತು. ಅದಕ್ಕೇ ಹೆಸರನ್ನು 10 ಅಕ್ಷರಕ್ಕೆ ಕತ್ತರಿಸಿದ್ದೆ. ಈಗ 10 ಅಳಿಸಿ 20 ಮಾಡಿದೆ. ಐದು ನಿಮಿಷದ ಕೆಲಸ. ಟೀಮ್ ಲೀಡ್‌ಗೆ ಕಳಿಸಿ ಕಾಫಿಗೆ ನೀರಿಟ್ಟೆ.

ನೀರು ಕುದಿಯುವ ಮೊದಲೇ ಅವರ ಫೋನ್.

“10 ಯಾಕಿತ್ತು?”

“ಸುಮ್ನೆ... ಅಷ್ಟು ಸಾಕು ಅನ್ನಿಸ್ತು.”

“20 ಯಾಕೆ?”

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. “ಹೋಗಿ ನೋಡ್ಕೊಂಡು ಬಾ,” ಅಂದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸಂಜೆ ಹಾಲು ಹಾಕುವ ಹೊತ್ತಿಗೆ ಅಲ್ಲಿದ್ದೆ. ಕ್ಯಾನು, ಸ್ಟೀಲ್ ಪಾತ್ರೆ ಹಿಡಿದವರ ಸಾಲು. ಸೆಕ್ರೆಟರಿ ಬೆಳಗಿನ ಚೀಟಿಗಳನ್ನು ನನ್ನ ಮುಂದೆ ಹರಡಿದರು. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ, ಅಕ್ಷರದ ಲೆಕ್ಕ ಮಾತ್ರ ಅದೇ. ಮಲ್ಲಿಕಾರ್ಜುನ ‘ಮಲ್ಲಿಕಾರ್ಜ’ ಆಗಿದ್ದ. ಚಿಕ್ಕತಾಯಮ್ಮ ‘ಚಿಕ್ಕತಾಯಮ್’ ಆಗಿದ್ದರು. ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. ದೊಡ್ಡಸಿದ್ದಯ್ಯನವರ ‘ಯ್ಯ’ ಹೋಗಿ ‘ದೊಡ್ಡಸಿದ್ದ’ ಆಗಿತ್ತು. ಬೇರೆ ಬೀದಿಯ ದೊಡ್ಡಸಿದ್ದಮ್ಮನವರ ‘ಮ್ಮ’ ಹೋಗಿ ಅದೂ ‘ದೊಡ್ಡಸಿದ್ದ’. ಸದಸ್ಯರ ನಂಬರನ್ನು ನಾನು ಚೀಟಿಯ ತಳದಲ್ಲಿ ಚಿಕ್ಕದಾಗಿ ಹಾಕಿದ್ದೆ. ಅದನ್ನು ಯಾರೂ ನೋಡಿಲ್ಲ. ಎರಡು ಚೀಟಿ ಅದಲು ಬದಲಾಗಿವೆ.

ದೊಡ್ಡಸಿದ್ದಮ್ಮನವರಿಗೆ ಸಿಕ್ಕ ಚೀಟಿಯಲ್ಲಿ ಫ್ಯಾಟೂ ಕಡಿಮೆ, ಎಸ್‌ಎನ್‌ಎಫೂ ಕಡಿಮೆ. ಹಾಲಿಗೆ ನೀರು ಬಿದ್ದರೆ ಎರಡೂ ಇಳಿಯುತ್ತವೆ ಅಂತ ಡೇರಿಗೆ ಬರುವ ಮಕ್ಕಳಿಗೂ ಗೊತ್ತು. ಚೀಟಿ ಓದಿದ ಹುಡುಗ ಎಲ್ಲರ ಎದುರಿಗೇ ಗಟ್ಟಿಯಾಗಿ ಓದಿದ್ದಾನೆ. “ನನ್ ಹಾಲ್ಗೆ ನೀರ್ ಬೆರ್ಸಿವ್ನಿ ಅಂತೀರಾ?” ಅಂತ ಆಕೆ ಕ್ಯಾನನ್ನು ಅಲ್ಲೇ ಕುಕ್ಕಿ ಹೋಗಿದ್ದರಂತೆ. ಮೂವತ್ತು ವರ್ಷದಿಂದ ಹಾಲು ಹಾಕುವ ಹೆಂಗಸು.

ದೊಡ್ಡಸಿದ್ದಯ್ಯನವರು ಸಾಲಿನಲ್ಲೇ ಇದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನೇನಪ್ಪ ಕಂಪ್ಯೂಟ್ರು? ನನ್ ಅಯ್ಯನ್ನ ಎಲ್ಲಿಗ್ ಕಳ್ಸ್ಬುಟ್ಟೆ?”

ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಕಣ್ಣಿಗೆ ದೊ, ಡ್ಡ, ಸಿ, ದ್ದ, ಯ್ಯ. ಐದೇ ಅಕ್ಷರ. ಕಂಪ್ಯೂಟರ್ ಹಾಗೆ ಎಣಿಸುವುದಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ನಂಬರ್ ಕೊಡುವ ಯೂನಿಕೋಡ್ ಪಟ್ಟಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ. ಅದರಲ್ಲಿ ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ‘ಯ್ಯ’ ಅಂದರೆ ಒಂದು ಯ, ಒಂದು ಹಲಂತ (ಸ್ವರ ತೆಗೆಯುವ ಗುರುತು), ಇನ್ನೊಂದು ಯ. ‘ದೊ’, ‘ಸಿ’ಗಳಲ್ಲಿ ಸ್ವರದ ಗುರುತೂ ಬೇರೆ ಒಂದು. ಹಾಗೆ ಎಣಿಸಿದರೆ ಅವರ ಹೆಸರು 13 ಆಗುತ್ತದೆ. ಹತ್ತಕ್ಕೆ ಸರಿಯಾಗಿ ‘ದ್ದ’ ಮುಗಿದಿತ್ತು, ನನ್ನ ಕತ್ತರಿ ಅಲ್ಲೇ ಬಿದ್ದಿತ್ತು.

ಇದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಪರೀಕ್ಷೆಗೆ ನಾನು ಹಾಕಿದ್ದ ಹೆಸರುಗಳು ರವಿ, ಗೀತಾ, ಸುಮಾ. ಒಂದರಲ್ಲೂ ಒತ್ತಕ್ಷರ ಇಲ್ಲ. ಅಪ್ಪ, ಅಮ್ಮ, ಅಣ್ಣ, ಅಕ್ಕ ಅಂತ ಮಾತು ಕಲಿತವನು ಮಾಡುವ ಕೆಲಸವೇ ಇದು?

ಸೆಕ್ರೆಟರಿ ಒಳಗಿಂದ ಹಳೆಯ ಲೆಡ್ಜರ್ ತಂದರು. ಹೆಸರಿನ ಕಾಲಂ ಎರಡು ಬೆರಳಿನಷ್ಟು ಅಗಲ, ಅಷ್ಟೇ. ಚಿಕ್ಕ ಹೆಸರು ದುಂಡಗೆ, ಆರಾಮಾಗಿ ಕೂತಿತ್ತು. ಉದ್ದದ್ದು ಎರಡು ಸಾಲಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಒತ್ತು ಕೆಳಗಿನ ಗೆರೆಗೆ ತಾಗದ ಹಾಗೆ ಬರೆದಿದ್ದರು. ತಪ್ಪಾದ ಕಡೆ ಅಳಿಸಿದ ಗುರುತೇ ಇಲ್ಲ. ಕೆಂಪು ಶಾಯಿಯಲ್ಲಿ ಒಂದೇ ಗೆರೆ, ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ಸಣ್ಣ ಸಹಿ. ಹಳೆಯ ತಪ್ಪೂ ಓದಬೇಕು, ತಿದ್ದಿದವರು ಯಾರು ಅಂತಲೂ ಗೊತ್ತಾಗಬೇಕು. ನಾವು, ಕೋಡ್‌ನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಗಿಟ್‌ನಲ್ಲಿ ಮಾಡುವುದೂ ಇದನ್ನೇ. ವ್ಯತ್ಯಾಸ ಏನಂದರೆ, ನಾನು ಅಲ್ಲಿ ಬೆಳಿಗ್ಗೆ ಬರೆದಿದ್ದು ‘ಸಣ್ಣ ಬದಲಾವಣೆ’ ಅಂತ.

“ಜಾಗ ಸಾಲ್ದಿದ್ರೆ ಸಣ್ಣಕ್ ಬರೀತೀವಿ ಸಾರ್. ಹೆಸ್ರು ಕುಯ್ಯಕಿಲ್ಲ,” ಅಂದರು.

ವಾಪಸ್ ಬಂದು ಆ ಕತ್ತರಿಸುವ ಸಾಲನ್ನೇ ಕಿತ್ತು ಹಾಕಿದೆ. ಚೀಟಿಯ ಕಾಗದ 58 ಮಿ.ಮೀ. ಅಗಲ. ಅದರಲ್ಲಿ ಅಚ್ಚಾಗುವುದು 48, ಅಂದರೆ ಅಡ್ಡಕ್ಕೆ 384 ಚುಕ್ಕಿ. ಆ ಪ್ರಿಂಟರ್‌ಗೆ ಕನ್ನಡ ಬರುವುದಿಲ್ಲ, ಹೇಗಿದ್ದರೂ ಸಾಲನ್ನು ಚಿತ್ರ ಮಾಡಿಯೇ ಕಳಿಸಬೇಕು. ಹಾಗಿದ್ದ ಮೇಲೆ ಅಕ್ಷರ ಎಣಿಸುವ ಹಂಗೇ ಇಲ್ಲ. ಚಿತ್ರದ ಅಗಲ ಅಳೆದರೆ ಸಾಕು. ಹಿಡಿಸದಿದ್ದರೆ ಹೆಸರು ಎರಡನೇ ಸಾಲಿಗೆ ಇಳಿಯುತ್ತದೆ, ಒತ್ತಕ್ಷರ ಒಡೆಯುವುದಿಲ್ಲ. ಸದಸ್ಯರ ನಂಬರ್ ಮೇಲೆ ಬಂತು, ದಪ್ಪಗೆ. ಈ ಸಲ ರವಿ, ಗೀತಾ ಇಲ್ಲ. ಡೇರಿಯ 214 ಸದಸ್ಯರ ಹೆಸರನ್ನೂ ಅಚ್ಚು ಹಾಕಿ, ಒಂದೊಂದೇ ಚೀಟಿ ಕೈಯಲ್ಲಿ ಹಿಡಿದು ಓದಿದೆ. ಮೂರು ದಿನ ಹಿಡಿಯಿತು. ಮೂರು ದಿನ ಯಾಕೆ ಅಂತ ಲೀಡ್ ಕೇಳಲಿಲ್ಲ.

ಮುಂದಿನ ಬಟವಾಡೆಗೆ ಮತ್ತೆ ಹೋದೆ. ಯಾರೂ ಕಳಿಸಿರಲಿಲ್ಲ. ದೊಡ್ಡಸಿದ್ದಮ್ಮನವರು ಬಂದಿದ್ದರು. ನನ್ನ ಮುಖ ನೋಡಲಿಲ್ಲ. ಚೀಟಿಯನ್ನು ಮೊಮ್ಮಗನ ಕೈಗೆ ಕೊಟ್ಟರು. ಅವನು ನಿಧಾನವಾಗಿ, ‘ಮ್ಮ’ದವರೆಗೂ ಪೂರ್ತಿ ಓದಿದ. ನಾನು ಉಸಿರು ಹಿಡಿದು ನಿಂತಿದ್ದೆ.

“ಹೆಸ್ರು ನಂಗೊತ್ತು ಕಣ್ಲಾ,” ಅಂದರು. “ಫ್ಯಾಟ್ ಎಷ್ಟದೆ ಓದು.”