ಎಣಿಕೆ ಸರಿಯಾಗಿತ್ತು, ವೈರಲ್ ಲೋಡ್ ಇಳಿದಿರಲಿಲ್ಲ

ಎಚ್‌ಐವಿ ಚಿಕಿತ್ಸಾ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿ ತರುವುದು, ಎ.ಆರ್.ಟಿ. (ವೈರಾಣುವನ್ನು ಅಡಗಿಸುವ ಔಷಧಿ ಚಿಕಿತ್ಸೆ) ಆರಂಭಿಸಿ ಆರು ತಿಂಗಳಾದರೂ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಇಳಿಯದವರ ವರದಿ. ಆ ದಿನ ಬಂದದ್ದು ನಡುವಯಸ್ಸಿನ ಮಹಿಳೆಯೊಬ್ಬರದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣುವಿನ ಪ್ರತಿಗಳು 50ಕ್ಕಿಂತ ಕೆಳಗಿರಬೇಕಾದ ಹೊತ್ತಿಗೆ ಅವರದು ಮೂರು ಸಾವಿರದ ಆಸುಪಾಸಿನಲ್ಲಿತ್ತು. ವರದಿಯ ಅಂಚಿನಲ್ಲಿ ಯಾರೋ ಆಗಲೇ ‘ಮಾತ್ರೆ ಸರಿಯಾಗಿ ಸೇವಿಸುತ್ತಿಲ್ಲ’ ಎಂದು ಬರೆದುಬಿಟ್ಟಿದ್ದರು.

ಆ ಅನುಮಾನ ನಿರಾಧಾರವೇನಲ್ಲ. 1000 ಪ್ರತಿಗಳನ್ನು ಮೀರಿದವರಿಗೆ ಮಾತ್ರೆ ತಪ್ಪದಿರುವ ಬಗ್ಗೆ ಸಮಾಲೋಚನೆ ನಡೆಸಿ, ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸುವುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಕ್ರಮ. ಆದರೆ ಅನುಮಾನವನ್ನೇ ತೀರ್ಪು ಮಾಡಿಕೊಂಡರೆ ರೋಗಿ ಬಾಯಿ ಬಿಡುವುದಿಲ್ಲ. ಈಕೆಯಂತೂ ನಾನು ಕೇಳುವ ಮೊದಲೇ, “ಒಂದು ದಿನವೂ ಬಿಟ್ಟಿಲ್ಲ ಮೇಡಂ, ಬೇಕಾದರೆ ಎಣಿಸಿ ನೋಡಿ” ಎಂದು ಡಬ್ಬಿಯನ್ನು ಮುಂದಿಟ್ಟರು. ಮನೆಯಲ್ಲಿ ಯಾರೂ ಓದಬಾರದೆಂದು ಅದರ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದರು. ಎಣಿಸಿದೆ, ಲೆಕ್ಕ ಸರಿಯಾಗಿತ್ತು.

“ಬೇರೆ ಔಷಧಿ ಏನಾದರೂ ತಗೋತೀರಾ ಅಮ್ಮ?” ಎಂದು ಕೇಳಿದಾಗ ಇಲ್ಲವೆಂದೇ ಹೇಳಿದರು. ಜನ ಔಷಧಿ ಎಂದು ಎಣಿಸುವುದು ವೈದ್ಯರು ಬರೆದುಕೊಟ್ಟದ್ದನ್ನು ಮಾತ್ರ. ಆದ್ದರಿಂದ ಪ್ರಶ್ನೆ ಬದಲಿಸಿ, ರಾತ್ರಿ ಮಾತ್ರೆ ನುಂಗುವ ಹೊತ್ತಿನಲ್ಲಿ ಏನೇನು ಮಾಡುತ್ತೀರಿ ಎಂಬುದನ್ನು ಒಂದೊಂದಾಗಿ ಹೇಳಲು ಕೇಳಿಕೊಂಡೆ. ಮಾತ್ರೆ ನುಂಗಿದರೆ ಎದೆಯುರಿ ಬರುತ್ತದೆ, ಅದಕ್ಕೇ ಅದರ ಹಿಂದೆಯೇ ಒಂದು ಮುಚ್ಚಳ ಸಿರಪ್ ಕುಡಿಯುತ್ತೇನೆ ಎನ್ನುತ್ತ ಅವರು ಚೀಲದಿಂದ ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿಯನ್ನು ತೆಗೆದರು. ಮುಚ್ಚಳದ ಸುತ್ತ ಸಿರಪ್ ಒಣಗಿ ಪದರಗಟ್ಟಿತ್ತು. ದಿನವೂ ಬಳಸುವ ಬಾಟಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವರ ಮಾತ್ರೆಯಲ್ಲಿದ್ದುದು ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್. ಆಂಟಾಸಿಡ್‌ನಲ್ಲಿರುವ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಕರುಳಿನಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಎರಡನ್ನೂ ಒಟ್ಟಿಗೆ ಸೇವಿಸಿದರೆ ದೇಹಕ್ಕೆ ದಕ್ಕುವ ಔಷಧಿ ಕಾಲುಭಾಗದಷ್ಟಕ್ಕೆ ಇಳಿಯಬಹುದು. ಖಾಲಿ ಹೊಟ್ಟೆಯಲ್ಲಿ ಜೊತೆಗೆ ನುಂಗುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಂದಲೂ ಇಂಥದೇ ತೊಂದರೆ. ವೈದ್ಯರು ಆಂಟಾಸಿಡ್ ಕುಡಿಯುವುದಕ್ಕೆ ಎರಡು ಗಂಟೆ ಮೊದಲು ಅಥವಾ ಕುಡಿದ ಆರು ಗಂಟೆ ನಂತರ ಈ ಮಾತ್ರೆ ನುಂಗಬೇಕೆಂದು ಹೇಳಿ, ಎದೆಯುರಿಗೆ ಬೇರೆ ಔಷಧಿ ಬರೆದುಕೊಟ್ಟರು. ವರದಿಯ ಅಂಚಿನ ಸಾಲನ್ನು ನಾನೇ ಹೊಡೆದುಹಾಕಿದೆ.

ಎಲ್ಲರ ಕಾರಣವೂ ಇಷ್ಟು ಸುಲಭವಾಗಿ ಚೀಲದೊಳಗೆ ಸಿಗುವುದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ದೇಹ ಬೇಗ ಹೊರಹಾಕುವಂತೆ ಮಾಡುವುದರಿಂದ, ಅದನ್ನು ಸೇವಿಸುವಷ್ಟು ಕಾಲ 50 ಮಿಲಿಗ್ರಾಂ ಪ್ರಮಾಣವನ್ನು ದಿನಕ್ಕೆರಡು ಬಾರಿ ಕೊಡಬೇಕಾಗುತ್ತದೆ. ಕೆಲವರಿಗೆ ಸೋಂಕು ತಗಲುವಾಗಲೇ ಔಷಧಿಗೆ ಬಗ್ಗದ ವೈರಾಣು ಬಂದಿರುತ್ತದೆ. ಖಿನ್ನತೆ, ಕುಡಿತ, ಮನೆಯವರ ಕಣ್ಣು ತಪ್ಪಿಸಿ ನುಂಗಬೇಕಾದ ಭಯ ಇವು ಪ್ರಯೋಗಾಲಯದ ವರದಿಯಲ್ಲಿ ಕಾಣುವುದೇ ಇಲ್ಲ. ನನ್ನ ಕೆಲಸದ ಬಹುಪಾಲು ನಡೆಯುವುದು ಅಲ್ಲಿಯೇ.

ಮರುಪರೀಕ್ಷೆಯಲ್ಲಿ ಅವರ ವೈರಾಣು ಯಂತ್ರ ಗುರುತಿಸುವ ಮಟ್ಟಕ್ಕಿಂತ ಕೆಳಗಿಳಿದಿತ್ತು. ಸೋಂಕುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಸಿಡಿ4 ಎಣಿಕೆ ಮಾತ್ರ ಇನ್ನೂ 200 ದಾಟಿರಲಿಲ್ಲ. “ಹಾಗಾದರೆ ಮಾತ್ರೆ ಅರ್ಧ ಕೆಲಸವನ್ನಷ್ಟೇ ಮಾಡ್ತಿದೆಯಾ ಮೇಡಂ?” ಎಂದು ಕೇಳಿದರು. ವೈರಾಣುವನ್ನು ಅಡಗಿಸುವುದು ಔಷಧಿಯ ಕೆಲಸ, ಸಿಡಿ4 ಕಣಗಳನ್ನು ಮತ್ತೆ ಬೆಳೆಸಿಕೊಳ್ಳುವುದು ದೇಹದ ಕೆಲಸ ಎಂದು ವಿವರಿಸಿದೆ. ಅವರು ಚಿಕಿತ್ಸೆಗೆ ಬಂದಾಗ ಸಿಡಿ4 ನೂರಕ್ಕಿಂತ ಕಡಿಮೆ ಇತ್ತು. ಅಷ್ಟು ಕುಸಿದ ಮೇಲೆ ಆರಂಭಿಸಿದವರಲ್ಲಿ, ಅದರಲ್ಲೂ ವಯಸ್ಸಾದಂತೆ, ಚೇತರಿಕೆಗೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಇತರ ಸೋಂಕುಗಳ ತಡೆಗೆ ಕೊಡುವ ಕೋಟ್ರಿಮೊಕ್ಸಜೋಲ್ ಮುಂದುವರಿಸಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದರು.