ಮಲಗಿದ ಮೇಲೆ ಬರುವ ನೀರು

"ನೀರು ಬರುತ್ತದಲ್ಲ ಮಗನೇ, ನಾವು ಮಲಗಿದ ಮೇಲೆ."

ಪೆರ್ಲದ ಕಡೆಯ ಗುಡ್ಡೆಯೊಂದರ ತುದಿಮನೆಯ ಅಜ್ಜಿ ಮಂಗಳವಾರ ಬೆಳಿಗ್ಗೆ ಆರೂವರೆಗೆ ಹೇಳಿದ ಮಾತು. ಕೊಡಪಾನ ಇಟ್ಟು ನಳ್ಳಿ ತಿರುಗಿಸಿ ತೋರಿಸಿದರು. ಬುಸ್ಸೆಂದು ಗಾಳಿ ಬಂತು, ನಾಲ್ಕು ಹನಿ ಬಿತ್ತು, ನಿಂತಿತು. ಅವರ ದನಿಯಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ವಾರವಿಡೀ ಕಾಡುತ್ತಿದೆ, ಏಕೆಂದರೆ ಆ ಪೈಪುಗಳ ಅಳತೆ ಗೊತ್ತುಮಾಡಿದವನು ನಾನು.

60 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 55 ಲೀಟರ್. ದಿನವಿಡೀ ಹಂಚಿದರೆ ನಿಮಿಷಕ್ಕೆ ಹನ್ನೊಂದೂವರೆ ಲೀಟರ್. ಬಳಕೆ ಏರುವ ಹೊತ್ತಿಗೆಂದು ಐವತ್ತು ಸಾವಿರದೊಳಗಿನ ಜನಸಂಖ್ಯೆಯ ಊರಿಗೆ ನೀರು ಸರಬರಾಜಿನ ಕೈಪಿಡಿ ಹೇಳುವುದು ಇದರ ಮೂರು ಪಟ್ಟು. ಹಾಗಾಗಿ 34 ಲೀಟರಿಗೆಂದು 63 ಮಿಲಿಮೀಟರಿನ ಪೈಪು ಹಾಕಿದೆವು. ಆದರೆ ಪೇಟೆಯ ನಲವತ್ತು ಸಾವಿರ ಜನ ಒಟ್ಟಿಗೆ ನಳ್ಳಿ ತೆರೆಯುವುದಿಲ್ಲ, ಗುಡ್ಡೆಯ ಮುನ್ನೂರು ಜನ ತೆರೆಯುತ್ತಾರೆ. ಏಳರ ಬಸ್ಸು ಎಲ್ಲರಿಗೂ ಒಂದೇ. ಇಪ್ಪತ್ತು ನಳ್ಳಿ ಐದೈದು ಲೀಟರಿನಂತೆ ಹರಿದರೆ ನಿಮಿಷಕ್ಕೆ ನೂರು. ಹರಿವು ಮೂರು ಪಟ್ಟಾದಾಗ ಪೈಪು ನುಂಗುವ ಒತ್ತಡ ಏಳೂವರೆ ಪಟ್ಟಾಗುತ್ತದೆ. ಒತ್ತಡವನ್ನು ನಾವು ನೀರು ಏರಬಲ್ಲ ಎತ್ತರದಲ್ಲಿ, ಮೀಟರಿನಲ್ಲಿ ಅಳೆಯುತ್ತೇವೆ. ಪೈಪಿನ ಕಿಲೋಮೀಟರಿಗೆ ಒಂದೂವರೆ ಮೀಟರ್ ಇದ್ದ ನಷ್ಟ ಹನ್ನೊಂದಕ್ಕೆ ಏರುತ್ತದೆ. ತುದಿಯಲ್ಲಿ ನಾವು ಉಳಿಸಿಕೊಂಡಿದ್ದದ್ದು ಏಳೇ ಮೀಟರ್.

90ರ ಪೈಪು ಹಾಕಿದ್ದರೆ ಆ ನಷ್ಟ ಐದನೆಯ ಒಂದು ಪಾಲೂ ಇರುತ್ತಿರಲಿಲ್ಲ. ಖರ್ಚು ನೋಡಿ ಮೇಲಿನವರು ಒಪ್ಪಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಗುಡ್ಡೆಯ ಕೆಳಗೆ, ನೀರು ಮೊದಲು ಸಿಗುವ ಬೈಲಿನವರನ್ನು ದೂರಲಾರೆ, ನೀರು ಬರುವಾಗ ಪಾತ್ರೆ ತುಂಬಿಸದವರು ಯಾರು? ಪಂಪು ನೋಡಿಕೊಳ್ಳುವ ಹುಡುಗ ಮಾತ್ರ ವಾರಕ್ಕೆರಡು ದಿನ ಬೈಲಿನ ವಾಲ್ವನ್ನು ಅರ್ಧ ಮುಚ್ಚಿ, ಅವರಿಂದ ಬೈಸಿಕೊಂಡು, ಗುಡ್ಡೆಗೆ ನೀರು ಹತ್ತಿಸುತ್ತಾನೆ. ಒಳ್ಳೆಯ ಹುಡುಗ. ನಕ್ಷೆ ಬರೆಯುವಾಗ ಅವನನ್ನು ಕೇಳಬೇಕಿತ್ತು.

ಅಜ್ಜಿಯ ಮನೆಯ ಹಿಂದೆ, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಹಳೆಯ ಸುರಂಗವಿದೆ. ಮುರಕಲ್ಲಿನೊಳಗಿಂದ ಬೆರಳು ದಪ್ಪದ ನೀರು ಬಂದು ಬಾಯಿಯ ಮುಂದಿನ ಮಣ್ಣಿನ ತೊಟ್ಟಿಯಲ್ಲಿ ನಿಲ್ಲುತ್ತಿತ್ತಂತೆ. ಇರುಳೆಲ್ಲ ತುಂಬಿದ್ದನ್ನು ಬೆಳಿಗ್ಗೆ ಮೊಗೆಯುತ್ತಿದ್ದರು. ಈಗ ಮಾರ್ಚ್ ಹೊತ್ತಿಗೇ ಬತ್ತುತ್ತದೆ. ಆ ತೊಟ್ಟಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಬೆಳಗಿನ ನೂಕುನುಗ್ಗಲಿಗೆ ಉತ್ತರ ಅಲ್ಲೇ ಇತ್ತು.

ಗುಡ್ಡೆಯ ಮೇಲೆ 5,000 ಲೀಟರಿನ ಟ್ಯಾಂಕು ಬೇಕೆಂದು ನಿನ್ನೆ ಬರೆದು ಕಳುಹಿಸಿದೆ. ರಾತ್ರಿಯ ಒತ್ತಡ ಅದನ್ನು ತುಂಬಿಸಲು ಸಾಕು. ಈ ಸಲ ಬೇಡವೆಂದರೆ ಸುಮ್ಮನಿರಲಾರೆ.

ಅಡುಗೆಮನೆಯಲ್ಲಿ ತಟ್ಟೆ ಮುಚ್ಚಿದ ಏಳು ಕೊಡಪಾನಗಳಿದ್ದವು. ಹೊರಡುವಾಗ ಅಜ್ಜಿ ಒಂದರಿಂದ ಲೋಟಕ್ಕೆ ಬಗ್ಗಿಸಿ, ಬೆಲ್ಲದ ತುಂಡಿನೊಂದಿಗೆ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ಎದ್ದು ಹಿಡಿದ ನೀರು.