ಬಡಾವಣೆಯ ಖಾಲಿ ಜಾಗ ಉಳಿಯೋದು ಉತಾರದಲ್ಲಿ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ಜಾಲಿಕಂಟಿ ಬೆಳೆದ ಒಂದು ಖಾಲಿ ತುಂಡು ಇದ್ದೇ ಇರುತ್ತದೆ. ‘ಅದು ಪಾರ್ಕಿನ ಜಾಗಾರಿ’ ಅಂತ ಎಲ್ಲರೂ ಹೇಳುತ್ತಾರೆ, ಕಾಗದ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ಜೆಸಿಬಿ ಬಂದಮೇಲೆ ಕಾಗದ ಹುಡುಕಲು ಹೊರಟರೆ ಪಾಯ ಮೇಲೆದ್ದಿರುತ್ತದೆ.

ಮೊದಲು ಬೇಕಾದದ್ದು ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕ್ಷೆಯ ದೃಢೀಕೃತ ಪ್ರತಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಪಾರ್ಕ್ ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ. ಅದು ಮಾಹಿತಿಯಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. ಕ್ಷೇತ್ರಫಲದ ತಖ್ತೆ ಸಮೇತ ನಕ್ಷೆ, ಮಂಜೂರಾತಿ ಆದೇಶ, ಪಾಲಿಕೆಗೆ ಜಾಗ ಬಿಟ್ಟುಕೊಟ್ಟ ಪತ್ರ, ಆಮೇಲೆ ಆದ ಪರಿಷ್ಕೃತ ನಕ್ಷೆಗಳು, ಇಷ್ಟನ್ನೇ ಕೇಳಿ. ಕೊನೆಯದನ್ನು ಬಿಡಲೇಬೇಡಿ. ಪಾರ್ಕ್ ಸಣ್ಣದಾಗಿ ಎರಡು ಸೈಟು ಹುಟ್ಟಿಕೊಂಡದ್ದು ಕಾಣುವುದು ಅದರಲ್ಲೇ.

ತಖ್ತೆಯಲ್ಲಿ ಪಾರ್ಕ್ ಬೇರೆ, ಸಿಎ (ನಾಗರಿಕ ಸೌಲಭ್ಯದ) ಸೈಟ್ ಬೇರೆ. ಪ್ರಾಧಿಕಾರ ತಾನೇ ಮಾಡುವ ಬಡಾವಣೆಗೆ 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಹೇಳುವುದು ಪಾರ್ಕು-ಮೈದಾನಕ್ಕೆ ಕನಿಷ್ಠ 15%, ನಾಗರಿಕ ಸೌಲಭ್ಯಕ್ಕೆ ಇನ್ನೂ 10%. ಅಂದರೆ 10 ಎಕರೆಯಲ್ಲಿ 60 ಗುಂಟೆ ಪಾರ್ಕಿಗೆ. ಸಿಎ ಸೈಟಿನಲ್ಲಿ ಶಾಲೆ ಕಟ್ಟಿದರೆ ಅದು ಕಾನೂನುಬದ್ಧವೇ. ಅಲ್ಲಿ ಜಗಳ ತೆಗೆದು ಶಕ್ತಿ ಕಳೆದುಕೊಳ್ಳುವುದು ವ್ಯರ್ಥ. ಪಾರ್ಕಿನ ಮಾತು ಬೇರೆ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ. ಆಕ್ಷೇಪಣೆಯಲ್ಲಿ ಈ ಪ್ರಕರಣದ ಹೆಸರು ಹಾಕಿ.

ಇನ್ನು ಉತಾರ, ಅಂದರೆ ಜಮೀನಿನ ಪಹಣಿ. ನಿಜವಾದ ಕಳವು ಆಗುವುದು ಇಲ್ಲಿ. ನಕ್ಷೆಯಲ್ಲಿ ಪಾರ್ಕ್ ಇರುತ್ತದೆ, ಉತಾರದ 9ನೇ ಕಾಲಂನಲ್ಲಿ ಹಳೇ ಮಾಲೀಕನ ಹೆಸರೇ ಉಳಿದಿರುತ್ತದೆ. ಹಸ್ತಾಂತರ ಆಗದ 12 ಗುಂಟೆ ಅಂದರೆ 13,068 ಚದರಡಿ, 30x40ರ ಹತ್ತು ಸೈಟಿಗೆ ಸಾಲುವಷ್ಟು. ವಾರಸುದಾರರು ಮಾರಿದರೆ ನೋಂದಣಿಯೂ ಆಗಿಹೋಗುತ್ತದೆ. ಸಿಟಿ ಸರ್ವೇ ಆದ ಕಡೆ ಪಿಆರ್ ಕಾರ್ಡ್ (ಆಸ್ತಿಯ ಹಕ್ಕಿನ ದಾಖಲೆ) ನೋಡಿ, ವರ್ಷಕ್ಕೊಮ್ಮೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ.

ಜಾಗ ಅಳೆಯುವಾಗ ಬರೀ ಗಡಿಕಲ್ಲನ್ನು ನಂಬಬೇಡಿ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಕಲ್ಲು ವಾಲುತ್ತದೆ. ಯಾರೋ ಸರಿಸಿದ್ದರೂ ‘ಮಣ್ಣಿಗೆ ವಾಲೇತಿ’ ಅಂದುಬಿಡುತ್ತಾರೆ. ರಸ್ತೆ ಮೂಲೆ, ಹಳೇ ಕಂಪೌಂಡ್, ಹೀಗೆ ಕದಲದ ಎರಡು ಗುರುತಿನಿಂದ ಪ್ರತಿ ಮೂಲೆಗೂ ಟೇಪು ಹಿಡಿದು ಬರೆದಿಡಿ.

ಜಾಗದ ಭೂ ಉಪಯೋಗ ಬದಲಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಬರಲೇಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ. ಒಂದೇ ಅರ್ಜಿಗೆ ಐವತ್ತು ಸಹಿ ಹಾಕಿಸುವ ಬದಲು ಐವತ್ತು ಮಂದಿ ಬೇರೆಬೇರೆ ಕೊಡಿ. ಸರ್ವೇ ನಂಬರ್ ಇರಲಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಬೀಳಲಿ.

ಜಾಗ ಉಳಿಸಲು ಅಂತ ಕೆಲವರು ಮೂಲೆಯಲ್ಲಿ ಒಂದು ಗುಡಿ ಎಬ್ಬಿಸುತ್ತಾರೆ. ದಯವಿಟ್ಟು ಬೇಡ. ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಅನಧಿಕೃತ ಗುಡಿ-ಮಸೀದಿ-ಚರ್ಚು ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ. ಮೊದಲ ಒತ್ತುವರಿ ನಿಮ್ಮದೇ ಆದರೆ ಎರಡನೆಯವನನ್ನು ಯಾವ ಬಾಯಿಂದ ಕೇಳುತ್ತೀರಿ?

ಎದುರಿನವರು ನಿಮ್ಮ ಗೈರಿನಲ್ಲಿ ತಡೆಯಾಜ್ಞೆ ತರುವ ಸೂಚನೆ ಸಿಕ್ಕರೆ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಚಿನ ಅರ್ಜಿ) ಹಾಕಿಸಿ, ನೋಟಿಸನ್ನು ಅವರಿಗೆ ನೋಂದಣಿ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೇವಿಯಟ್‌ನ ಆಯುಷ್ಯ 90 ದಿನ. ಮುಗಿಯುವ ಮುಂಚೆಯೇ ಹೊಸದು ಹಾಕಬೇಕು.